ಮಾಲಕರು ಹೊಕ್ಕ ಗೇಟು

ನಾನು ವ್ಯಾಪಾರಕ್ಕೆ ಇಳಿದಾಗ ಹೆಂಡತಿ ಪುಣೆಯ ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರಿಗೆ, “ಇವರು ಲಾಜಿಸ್ಟಿಕ್ಸ್ ಶುರು ಮಾಡ್ಯಾರ” ಎಂದು ಹೇಳಿದ್ದಳು. ಹುಬ್ಬಳ್ಳಿಯ ಭಾವನ ಬಾಯಲ್ಲಿ ಅದು ‘ಟ್ರಾನ್ಸ್‌ಪೋರ್ಟ್ ಕಂಪನಿ’ಯಾಗಿ ಬೆಳೆದಿತ್ತು. ಇದ್ದದ್ದು ಒಂದೇ ಒಂದು ಟೆಂಪೋ. ಪುಣೆಯಲ್ಲಿ ಮಾಲು ಹೊರುವ ಸಣ್ಣ ಗಾಡಿಗಳಿಗೆಲ್ಲ ಅದೇ ಹೆಸರು. ಓಡಿಸುವವನೂ ನಾನೇ, ತೊಳೆಯುವವನೂ ನಾನೇ. ಆದರೂ ಗಾಡಿ ಬರುವ ಮೊದಲೇ ನಾನು ವಿಸಿಟಿಂಗ್ ಕಾರ್ಡು ಮಾಡಿಸಿಟ್ಟಿದ್ದೆ. ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ‘ಮಾಲಕ’ ಎಂದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಮನೆತನವನ್ನು ನೋಡಿಯೇ ಕಟ್ಟಿರಬೇಕು.

ಅದಕ್ಕೂ ಮೊದಲು ಹದಿನೆಂಟು ವರ್ಷ ನಾನು ಪಂಪು ತಯಾರಿಸುವ ಒಂದು ಕಂಪನಿಯಲ್ಲಿ ಮಾಲು ರವಾನೆಯ ಅಧಿಕಾರಿ. ಕಂಪನಿ ಪುಣೆಯ ಘಟಕಕ್ಕೆ ಬೀಗ ಹಾಕಿತು. ನಲವತ್ತೇಳು ವರ್ಷದವನಿಗೆ ಯಾರು ಕೆಲಸ ಕೊಡುತ್ತಾರೆ? ಅಷ್ಟು ವರ್ಷ ಟೆಂಪೋದವರನ್ನು ಬೈದವನಿಗೆ ಟೆಂಪೋ ಓಡಿಸುವುದೇನು ಮಹಾ ಅನ್ನಿಸಿತು. ಬೈಯುವುದು ಬೇರೆ, ಓಡಿಸುವುದು ಬೇರೆ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸೊಸೈಟಿಯೊಳಗೆ ಮಾಲುಗಾಡಿ ನಿಲ್ಲಿಸುವಂತಿಲ್ಲ ಎಂಬ ನಿಯಮವಿತ್ತು. ಕಮಿಟಿಯಲ್ಲಿದ್ದಾಗ ಆ ಫಲಕ ಬರೆಸಿದವನೂ ನಾನೇ. ಹಾಗಾಗಿ ಗಾಡಿಯನ್ನು ನಾಲ್ಕು ಓಣಿ ಆಚೆ ನಿಲ್ಲಿಸಿ, ಇಸ್ತ್ರಿ ಅಂಗಿ ತೊಟ್ಟು, ಆಫೀಸಿಗೆ ಹೋಗುವವನ ಗತ್ತಿನಲ್ಲಿ ನಡೆದು ಹೋಗುತ್ತಿದ್ದೆ.

ಎರಡು ತಿಂಗಳು ಹಳೆ ಸೋಫಾ, ಕಪಾಟು ಸಾಗಿಸಿದ ಮೇಲೆ ಒಂದು ದೊಡ್ಡ ಅವಕಾಶ ಬಂತು. ವಾಘೋಲಿಯಲ್ಲಿ ಫ್ರಿಜ್ಜುಗಳ ಪ್ಯಾಕಿಂಗಿಗೆ ಬೇಕಾದ ಥರ್ಮಾಕೋಲ್ ತುಂಡು ಮಾಡುವ ಒಂದು ವರ್ಕ್‌ಶಾಪು. ಅದರ ಯಜಮಾನ ಕಡಿಮೆ ಮಾತಿನ ಮರಾಠಿಯವನು. ರಾಂಜಣಗಾಂವದ ಫ್ರಿಜ್ಜಿನ ಫ್ಯಾಕ್ಟರಿಗೆ ದಿನಕ್ಕೊಂದು ಫೇರಿ, ಅಂದರೆ ಮಾಲು ಮುಟ್ಟಿಸಿ ಬರುವ ಒಂದು ಸುತ್ತು. ಆರು ದಿನ ಹೊತ್ತಿಗೆ ಸರಿಯಾಗಿ ಮುಟ್ಟಿಸಿದರೆ ಇಡೀ ವರ್ಷದ ಫೇರಿ ನಿನ್ನದು ಎಂದ. ಮನೆ ಆಗ ಹೆಂಡತಿಯ ಟ್ಯೂಷನ್ನಿನ ಮೇಲೆ ನಡೆಯುತ್ತಿತ್ತು. ಆ ಫೇರಿ ಸಿಕ್ಕರೆ ನಾವು ಪುಣೆಯಲ್ಲಿ ಉಳಿಯುತ್ತಿದ್ದೆವು, ಇಲ್ಲದಿದ್ದರೆ ಭಾವನ ಮನೆಯ ಮಹಡಿಯೇ ಗತಿ.

ಮೊದಲ ಐದು ದಿನ ವರ್ಕ್‌ಶಾಪಿನ ವಯಸ್ಸಾದ ಕಾರಕೂನ ಜೊತೆಗೆ ಬಂದ. ಫ್ಯಾಕ್ಟರಿ ಮುಟ್ಟಿದ ಕೂಡಲೇ ಕಾಗದಪತ್ರ ಹಿಡಿದು ಇಳಿದು ಹೋಗುತ್ತಿದ್ದ. ಎಲ್ಲಿಗೆ ಹೋಗುತ್ತಾನೆ, ಏನು ಮಾಡುತ್ತಾನೆ ಎಂದು ನಾನು ಒಮ್ಮೆಯೂ ನೋಡಲಿಲ್ಲ. ಅದು ಆಳಿನ ಕೆಲಸ, ಮಾಲಕನದಲ್ಲ. ಕ್ಯಾಬಿನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದೆ.

ಆರನೆಯ ದಿನ, ಶನಿವಾರ, ಒಬ್ಬನೇ ಹೋದೆ. ಶನಿವಾರ ಒಂದು ಗಂಟೆಗೆ ಮಾಲು ಇಳಿಸುವುದು ನಿಲ್ಲುತ್ತದೆ. ನಾನು ಹತ್ತಕ್ಕೇ ಅಲ್ಲಿದ್ದೆ. ಗೋಡೆಯ ಬದಿಗೆ ತಗಡಿನ ನೆರಳಿನಲ್ಲಿ ಡ್ರೈವರುಗಳ ಸಾಲು, ಸಾಲಿನ ತುದಿಗೆ ಒಂದು ಕಿಂಡಿ. ಬನಿಯನ್ ತೊಟ್ಟ ಒಬ್ಬ ನನ್ನನ್ನು ನೋಡಿ ಕೈಯೆತ್ತಿ, “ಕಾಕಾ, ಲೈನ್ ಇಕಡೆ ಆಹೆ” ಎಂದ. ಸಾಲು ಈ ಕಡೆ ಅಂತೆ! ನನಗೆ ಹೇಳುತ್ತಾನೆ! ಕೇಳಿಸದವನಂತೆ ನಾನು ಗಾಜಿನ ಬಾಗಿಲಿನ ಗೇಟಿಗೆ ನಡೆದೆ. ಹದಿನೆಂಟು ವರ್ಷ ಎಲ್ಲ ಫ್ಯಾಕ್ಟರಿಗಳನ್ನೂ ನಾನು ಅಂಥ ಗೇಟಿನಿಂದಲೇ ಹೊಕ್ಕವನು.

ಕಾರ್ಡು ಕೊಟ್ಟೆ. ವಾಚ್‌ಮನ್ ಸೆಲ್ಯೂಟ್ ಹೊಡೆದು, ‘ವಿಸಿಟರ್’ ಎಂಬ ಬಿಲ್ಲೆಯನ್ನು ಕೊರಳಿಗೆ ಹಾಕಿದ. ಒಳಗೆ ತಣ್ಣನೆಯ ಎ.ಸಿ., ಮೆತ್ತನೆಯ ಸೋಫಾ. ರಿಸೆಪ್ಷನ್ನಿನ ಹುಡುಗಿ, ಸ್ಟೋರ್ಸಿನ ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕೂಡಿ ಎಂದಳು. ಬಿಸ್ಕತ್ತಿನ ಜೊತೆ ಚಹಾ ಬಂತು. ಎರಡು ತಿಂಗಳಲ್ಲಿ ಮೊದಲ ಸಲ ಯಾರೋ ನನಗೆ ‘ಸರ್’ ಅಂದಿದ್ದರು. ಆ ಸುಖಕ್ಕೆ ಇನ್ನೊಂದು ಕಪ್ ಚಹಾ ಕೇಳಿ ಕುಡಿದೆ. ಹೊರಗೆ ನನ್ನ ಟೆಂಪೋ ಬಿಸಿಲಲ್ಲಿ ನಿಂತಿತ್ತು. ಮೀಟಿಂಗು ಮುಗಿಯಲಿಲ್ಲ, ನನ್ನ ಗತ್ತೂ ಮುಗಿಯಲಿಲ್ಲ.

ಸಾಹೇಬ ಬಂದಾಗ ಒಂದೂ ಹತ್ತು. ನನ್ನ ಮಗನಾಗುವಷ್ಟು ವಯಸ್ಸಿನವನು. ಟೋಕನ್ ಎಲ್ಲಿ ಎಂದು ಕೇಳಿದ. ಯಾವ ಟೋಕನ್ ಎಂದು ನಾನು ಕೇಳಿದೆ. ಡ್ರೈವರ್ ಕಿಂಡಿಯಲ್ಲಿ ಟೋಕನ್ ತೆಗೆದುಕೊಳ್ಳದೆ ಯಾವ ಗಾಡಿಯೂ ಒಳಗೆ ಬರುವುದಿಲ್ಲ, ಕಿಂಡಿ ಈಗ ಮುಚ್ಚಿದೆ, ಸೋಮವಾರ ಬನ್ನಿ ಎಂದು ಹೇಳಿ ಹೋದ. ಹೊರಗೆ ಬಂದರೆ ಸಾಲು ಖಾಲಿ. ಎಲ್ಲರೂ ಮಾಲು ಇಳಿಸಿ ಹೋಗಿದ್ದರು.

ತುಂಬಿದ ಗಾಡಿಯನ್ನು ಹಾಗೇ ಮನೆಯ ಕಡೆ ತಂದೆ. ಫ್ಯಾಕ್ಟರಿಯ ವ್ಯವಸ್ಥೆಯೇ ಸರಿಯಿಲ್ಲ ಎಂದು ಹೆಂಡತಿಯ ಮುಂದೆ ಭಾಷಣ ಬಿಗಿದೆ. ಸೋಫಾ, ಬಿಸ್ಕತ್ತು, ಸೆಲ್ಯೂಟು ಎಲ್ಲ ವರ್ಣಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ಎರಡೆರಡು ಸಲ ಚಹಾ ಕುಡದು ಬಂದ್ರಿ, ಭಾಳ ಛಲೋ ಆತು. ಮಾಲ್ ಎಲ್ಲಿ ಅದರಿ?”

“ಗಾಡ್ಯಾಗ ಅದ.”

“ಅಂದ್ರ ನೀವು ಒಳಗ ಹೋಗಿ ಬಂದ್ರಿ, ಮಾಲ್ ಹೊರಗ ಉಳೀತು. ಕುಣಿಲಾರದಾಕಿ ನೆಲ ಡೊಂಕು ಅಂದಳಂತ.”

ನಾಚಿಕೆಗಿಂತ ಹೆಚ್ಚಾಗಿ ನನಗೆ ಸಿಟ್ಟು ಬಂತು. ನಾಚಿಕೆಯಾಗುವುದಕ್ಕೆ ಸೋಮವಾರದವರೆಗೆ ಕಾಯಬೇಕಾಯಿತು.

ಸೋಮವಾರ ವರ್ಕ್‌ಶಾಪಿನ ಯಜಮಾನ ನನ್ನ ವಿವರಣೆ ಕೇಳಲಿಲ್ಲ. “ಮಲಾ ಡ್ರೈವರ್ ಪಾಹಿಜೆ, ಪಾಹುಣಾ ನಕೋ” ಎಂದ. ತನಗೆ ಡ್ರೈವರ್ ಬೇಕು, ಅತಿಥಿಯಲ್ಲ. ನನ್ನ ಗಾಡಿಯಿಂದ ಮಾಲು ಇಳಿಸಿ ಇನ್ನೊಂದು ಟೆಂಪೋಗೆ ಏರಿಸುತ್ತಿದ್ದರು. ಅದರ ಪಕ್ಕ ಅದೇ ಬನಿಯನ್ನಿನವನು ನಿಂತಿದ್ದ. ಶನಿವಾರ ಬೇರೆ ಯಾರದೋ ಮಾಲು ಹೊತ್ತು ಬಂದಿದ್ದವನನ್ನು ಕಾರಕೂನ ಹುಡುಕಿ ಕರೆಸಿದ್ದ. ವರ್ಷದ ಫೇರಿ ಅವನದಾಯಿತು. ನಾನು ಯಜಮಾನನ ಮುಂದೆ ಕೈಮುಗಿದೆ. ಇವನು ಬಾರದ ದಿನವಾದರೂ ನನ್ನನ್ನು ಕರೆಯಿರಿ ಎಂದು ಬೇಡಿಕೊಂಡೆ. ಯಜಮಾನ ಅವನ ಕಡೆ ನೋಡಿದ. ಅವನು ಆಗಲಿ ಎಂದು ತಲೆಯಾಡಿಸಿದ.

ನಾವು ಇನ್ನೂ ಪುಣೆಯಲ್ಲೇ ಇದ್ದೇವೆ, ಅವನ ದಯೆಯಿಂದ. ಭೋರ್ ಕಡೆಯ ರೈತರ ಮನೆಯವನು ಅವನು. ಭತ್ತದ ನಾಟಿ, ಕೊಯ್ಲು, ಹಬ್ಬ, ಮದುವೆ ಎಂದು ಊರಿಗೆ ಹೋಗುತ್ತಿರುತ್ತಾನೆ. ಅವನ ಸಂಬಂಧಿಕರಲ್ಲಿ ಯಾರ ಮದುವೆ ಯಾವಾಗ ಎಂದು ನಾನು ನನ್ನ ಬಳಗದ್ದಕ್ಕಿಂತ ಚೆನ್ನಾಗಿ ತಿಳಿದುಕೊಂಡಿದ್ದೇನೆ. ಹೋಗುವ ಹಿಂದಿನ ದಿನ ಫೋನ್ ಮಾಡಿ, “ಕಾಕಾ, ಉದ್ಯಾ ತುಮ್ಹೀ ಜಾ” ಎನ್ನುತ್ತಾನೆ. ನಾಳೆ ನೀವು ಹೋಗಿ ಎಂದಷ್ಟೇ. ನಾನು “ಹೋ, ಶೇಠ್” ಎನ್ನುತ್ತೇನೆ, ಆಗಲಿ ಮಾಲಕರೇ ಎಂದ ಹಾಗೆ. ಹೆಂಡತಿಗೆ ಕೇಳಿಸಬಾರದೆಂದು ಬಾಲ್ಕನಿಗೆ ಹೋಗಿ ಎನ್ನುತ್ತೇನೆ.