ಹಿತ್ತಲ ಬಿದಿರು ಹೂಬಿಟ್ಟ ವರ್ಷ

ದುರ್ಗಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಅಷ್ಟೆ. ಮಿರ್ಜಾನದ ಈ ಕೇರಿಗೆ ಅವಳು ಮದುವೆಯಾಗಿ ಬಂದದ್ದು ಭಟ್ಕಳದ ಕಡೆಯ ಬೆಳಕೆಯಿಂದ. ಬುಟ್ಟಿ, ಗೆರಸಿ ಹೆಣೆಯುವುದನ್ನು ತವರಿನಲ್ಲೇ ಕಲಿತು ಬಂದಿದ್ದಳು. ಗೆರಸಿ ಎಂದರೆ ಅಕ್ಕಿ ಕೇರುವ ಮೊರ. ಗಂಡ ದಾಸ ಗುಡ್ಡದಿಂದ ಬಿದಿರು ತಂದು ಹಾಕಿದರೆ ಇವಳು ಸೀಳಿ ಹೆಣೆಯುವಳು. ಇದ್ದದ್ದು ಒಬ್ಬಳೇ ಮಗಳು, ಮಾಲಿನಿ. ನಡೆಯಲು ಕಲಿಯುವ ಹೊತ್ತಿಗೆ ಬಂದ ಜ್ವರದಲ್ಲಿ ಆ ಮಗುವಿನ ಎರಡೂ ಕಾಲು ಹೋದವು.

ಮಾಲಿನಿ ಕೂತಲ್ಲೇ ಬೆಳೆದಳು. ಕೈ ಮಾತ್ರ ತಾಯಿಗಿಂತ ಚುರುಕು. ಅವಳ ಗೆರಸಿಯಲ್ಲಿ ನುಚ್ಚೂ ಸೋರುವುದಿಲ್ಲವೆಂದು ಕುಮಟೆ ಪೇಟೆಯವರೂ ಮದುವೆಗೆ ಹೇಳಿ ಮಾಡಿಸುತ್ತಿದ್ದರು. ದಾಸ ತೀರಿಕೊಂಡ ಮೇಲೆ ದುರ್ಗಿಗೆ ಹಿಡಿದ ಚಿಂತೆ ಒಂದೇ. ತಾನಿರುವ ತನಕ ಹೇಗಾದರೂ ಬಿದಿರು ತಂದುಕೊಡಬಹುದು. ತಾನು ಹೋದ ಮೇಲೆ ಈ ಹುಡುಗಿಗೆ ತಂದುಕೊಡುವವರು ಯಾರು? ಅನ್ನ ಹಾಕಲು ಯಾರಾದರೂ ಸಿಕ್ಕಾರು, ಆದರೆ ಕೈಯಲ್ಲಿ ಕೆಲಸವಿಲ್ಲದೆ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಕೂತು ಉಣ್ಣುವ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನನ್ನ ಹತ್ತಿರ ಹೇಳುವಳು. ಅದಕ್ಕೇ ಹಿತ್ತಲಲ್ಲಿ ಬಿದಿರು ನೆಟ್ಟಳು.

ಅವರಲ್ಲಿ ಒಂದು ಪದ್ಧತಿಯಿದೆ. ಹೆಣೆಯುವ ಹೆಂಗಸು ಬಿದಿರಿನ ಗಡ್ಡೆಯನ್ನು ಕೊಳ್ಳಬಾರದು, ಯಾರದೋ ಹಿತ್ತಲಿಂದ ತರಲೂ ಬಾರದು. ತವರಿನ ಬಿದಿರು ಮೆಳೆಯಿಂದಲೇ ತರಬೇಕು. ಅಣ್ಣತಮ್ಮಂದಿರು ಅರಿಶಿನ ಹಚ್ಚಿ ಮಡಿಲಿಗೆ ಹಾಕಬೇಕು. ದುರ್ಗಿ ಬೆಳಕೆಗೆ ಹೋಗಿ, ಅವಳ ಅಜ್ಜಿ ನೆಟ್ಟಿದ್ದ ಮುಳ್ಳಿಲ್ಲದ ಬಿದಿರಿನ ಮೆಳೆಯಿಂದ ಒಂದು ಗಡ್ಡೆ ಅಗೆಸಿದಳು. ಹಸಿ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಕಂಡಕ್ಟರ್ ಅದಕ್ಕೂ ಟಿಕೇಟು ಕೇಳಿದನಂತೆ. ಮಡಿಲ ಮಗುವಿಗೂ ಟಿಕೇಟು ಉಂಟೋ ಎಂದು ಕೇಳಿ ಅವನ ಬಾಯಿ ಮುಚ್ಚಿಸಿದೆ ಎಂದು ನಗುತ್ತ ಹೇಳಿದ್ದಳು.

ನೆಟ್ಟದ್ದು ಅಡಿಗೆಮನೆಯ ಹಿಂಬಾಗಿಲಿನ ಹತ್ತಿರವೇ. ಹಾವು ಸೇರುತ್ತದೆ, ಗಾಳಿಗೆ ಮನೆಯ ಮಾಡಿನ ಮೇಲೆ ಬೀಳುತ್ತದೆ ಎಂದು ಭಾವ ತಿಮ್ಮಪ್ಪ ಬೈದ. ದುರ್ಗಿ ಜಗಳಕ್ಕೆ ನಿಲ್ಲಲಿಲ್ಲ. "ಬೇಲಿ ಬದಿಗೆ ನೆಟ್ರೆ ಮಾಲಿನಿ ಅಲ್ಲಿ ತನಕ ಹೋಗುದು ಹೇಗೆ ಭಾವ?" ಎಂದಳು ಅಷ್ಟೆ.

ಒಲೆಯ ಬೂದಿ, ತರಗೆಲೆ, ಪಾತ್ರೆ ತೊಳೆದ ನೀರು ಎಲ್ಲವೂ ಅದರ ಬುಡಕ್ಕೇ. ಮಳೆಗೆ ಮುಂಚೆ ಮಣ್ಣು ಏರಿಸುವಳು. ಬುಡದಲ್ಲಿ ಕಳಲೆ, ಎಳೆ ಬಿದಿರಿನ ಮೊಳಕೆ, ಎದ್ದರೆ ನಮಗೆಲ್ಲ ಪಲ್ಯದ ಆಸೆ, ಅವಳು ಮುಟ್ಟಗೊಡಳು. ಐದಾರು ವರ್ಷ ಒಂದು ಕೋಲನ್ನೂ ಕಡಿಯಲಿಲ್ಲ. ಆಮೇಲೆ ಮಾಲಿನಿ ಹಲಗೆಯ ಮೇಲೆ ಜಾರಿಕೊಂಡು ಬಂದು ಬುಡದಲ್ಲಿ ಕೂರತೊಡಗಿದಳು. ಬಲಿತ ಕೋಲನ್ನು ತಾನೇ ತಟ್ಟಿ ಆರಿಸಿ, ತಾನೇ ಕಡಿದು, ಎಳೆದು ಸೀಳುವಳು. ಅದನ್ನು ನೋಡಿದ ದಿನ ದುರ್ಗಿ ಬೇಲಿಯ ಹತ್ತಿರ ಬಂದು, "ಇನ್ನು ನಾ ಯಾವಾಗ ಹೋದ್ರೂ ಅಡ್ಡಿಲ್ಲ ಅಕ್ಕ" ಎಂದಳು.

ಆದರೂ ಅವಳ ಜೀವಕ್ಕೆ ಪೂರ್ತಿ ಸಮಾಧಾನವಿರಲಿಲ್ಲ. ಗಾಳಿಯೋ ಬೆಂಕಿಯೋ ಬಂದು ತನ್ನ ಮೆಳೆ ಹೋದರೆ? ನಾವು ಹೆಣೆಯುವವರಲ್ಲ, ನಮಗೆ ಆ ಪದ್ಧತಿಯ ಕಟ್ಟಿಲ್ಲ. ಅದಕ್ಕೆ ನನಗೊಂದು, ರಿಕ್ಷಾ ಹೊಡೆಯುವ ಗಣಪನಿಗೊಂದು, ಆಚೆಮನೆ ದೇವುಗೊಂದು ಗಡ್ಡೆ ಕೊಟ್ಟಳು. ಒಂದು ಹೋದರೆ ಇನ್ನೊಂದು ಇರುತ್ತದೆ ಎಂಬುದು ಅವಳ ಲೆಕ್ಕ.

ಹೋದ ಮಳೆಗಾಲದಲ್ಲಿ ಒಂದೂ ಕಳಲೆ ಏಳಲಿಲ್ಲ. ಮಳೆ ನಿಂತ ಮೇಲೆ ಎಲೆ ಉದುರಿತು. ತುದಿಗಳಲ್ಲಿ ಕುಚ್ಚು ಕುಚ್ಚಾಗಿ ಏನೋ ಕಾಣಿಸಿತು. ಮೊದಲು ಕಂಡವಳು ಮಾಲಿನಿ. ಕೆಳಗೆ ಕೂತು ಮೇಲೆ ನೋಡುವವಳು ಅವಳೇ ತಾನೆ. ದುರ್ಗಿ ಹುಳ ಬಿದ್ದಿದೆ ಎಂದಳು. ಹೂಬಿಟ್ಟ ಮೇಲೆ ಬಿದಿರು ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಮುದಿ ಮೆಳೆಗೆ ಬರುವ ಕಾಲ, ತನ್ನದು ಮಾಲಿನಿಗಿಂತ ಎಳೆಯದು ಎಂದು ವಾದಿಸಿದಳು.

ಅದೇ ವಾರ ಬೆಳಕೆಯಿಂದ ಅಣ್ಣ ಬೀರಪ್ಪನ ಫೋನು ಬಂತು. ನಾನು ಅಲ್ಲೇ ಇದ್ದೆ. ಅಜ್ಜಿಯ ಮೆಳೆ ಹೂಬಿಟ್ಟಿದೆ ಎಂದ. ದುರ್ಗಿ ತನ್ನದು ಎಳೆಯದು, ತನ್ನದಕ್ಕೆ ಏನೂ ಆಗುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು.

"ನೀ ಒಯ್ದದ್ದು ಬೀಜದ ಗಿಡ ಅಲ್ಲ ತಂಗಿ," ಎಂದ ಬೀರಪ್ಪ. "ಅಜ್ಜಿ ಮೆಳೆಯದ್ದೇ ಒಂದು ತುಂಡು. ಅದ್ಕೆಷ್ಟು ವಯಸ್ಸೋ ನಿಂದಕ್ಕೂ ಅಷ್ಟೇ."

ದುರ್ಗಿ ಫೋನು ಕೆಳಗಿಟ್ಟು ಗಣಪನ ಹಿತ್ತಲಿಗೆ ಹೋದಳು. ಅಲ್ಲಿಂದ ದೇವು ಮನೆಗೆ. ಕೊನೆಗೆ ನಮ್ಮಲ್ಲಿಗೆ ಬಂದು ತಲೆಯೆತ್ತಿ ನೋಡಿದಳು. ನಾನೂ ಅಂದೇ ಸರಿಯಾಗಿ ನೋಡಿದ್ದು. ಅದೇ ಕುಚ್ಚು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ನಾಲ್ಕು ಮೆಳೆ ಇವೆ ಎಂದುಕೊಂಡಿದ್ದಳು, ಇದ್ದದ್ದು ಒಂದೇ.

ಬೀಜವಾದರೂ ಸಿಕ್ಕೀತೆಂದು ಬುಡದಲ್ಲಿ ಹಳೆ ಸೀರೆ ಹಾಸಿಟ್ಟಳು. ಉದುರಿದ್ದನ್ನು ಮಾಲಿನಿ ಗೆರಸಿಯಲ್ಲಿ ಹಾಕಿ ಕೇರಿದಳು. ಬರೀ ಹೊಟ್ಟು, ಎಲ್ಲ ಹಾರಿಹೋಯಿತು. ತಳದಲ್ಲಿ ಒಂದು ಕಾಳೂ ನಿಲ್ಲಲಿಲ್ಲ. ಬೇಸಿಗೆಯ ಹೊತ್ತಿಗೆ ಕೋಲುಗಳು ಒಣಗಿ ಹಳದಿಯಾದವು. ಸೀಳಹೋದರೆ ಎಳೆ ಬರುವುದಿಲ್ಲ, ಪಟಪಟ ಮುರಿಯುತ್ತದೆ.

ಗಣಪ ಬಂದು, ರಿಕ್ಷಾದಲ್ಲಿ ಎಲ್ಲಿಂದಾದರೂ ಬಿದಿರು ತಂದುಕೊಡುತ್ತೇನೆ, ಹೆದರಬೇಡ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. "ಒಂದ್ಸಲ ತರುವೆ, ಎರಡ್ಸಲ ತರುವೆ," ಎಂದಳು ದುರ್ಗಿ. "ಆಮೇಲೆ ಇವಳು ನಿನ್ನ ದಾರಿ ಕಾಯ್ತಾ ಕೂತಿರುದು."

ಕೊನೆಗೆ ಪದ್ಧತಿಯನ್ನೂ ಮುರಿದಳು. ಹೊನ್ನಾವರದ ಕಡೆಯ ಒಂದು ನರ್ಸರಿಯಿಂದ ದೇವು ಕೈಲಿ ಬೇರೆ ಬಿದಿರಿನ ಸಸಿ ತರಿಸಿದಳು. ನೆಡಲು ಸತ್ತ ಮೆಳೆಯ ಜಾಗವೇ ಬೇಕಲ್ಲ, ಮಾಲಿನಿಯ ಕೈಗೆ ಸಿಗುವುದು ಅದೊಂದೇ. ಆದರೆ ಅಷ್ಟು ವರ್ಷದ ಗಡ್ಡೆ ಒಂದಕ್ಕೊಂದು ಹೆಣೆದುಕೊಂಡು ಕಲ್ಲಿನಂತಾಗಿತ್ತು. ಆಳು ಹಚ್ಚಿ ಅಗೆಸಿದರೆ ಕೊಡಲಿಯ ಬಾಯಿ ಹೋಯಿತು. ಜೆಸಿಬಿ ಬರಲು ದಾರಿಯಿಲ್ಲ. ಬಂದರೂ ಅಡಿಗೆಮನೆಯ ಗೋಡೆ ಉಳಿಯುವುದಿಲ್ಲ ಎಂದರು. ತುಂಬಾ ದಿನ ಗೋಣಿಯ ನೆರಳಿನಲ್ಲಿ ಉಳಿಸಿಟ್ಟ ಸಸಿಯನ್ನು ಬೇಲಿಯ ಮೂಲೆಯಲ್ಲಿ ನೆಡಬೇಕಾಯಿತು. ಹಿಂಬಾಗಿಲಿಂದ ಅಲ್ಲಿಗೆ ಇಡೀ ಹಿತ್ತಲು ದಾಟಬೇಕು. ನಡುವೆ ಕಡಿದ ಬಿದಿರಿನ ಕೂಳೆಗಳು ಚೂಪಾಗಿ ನಿಂತಿವೆ, ಹಲಗೆ ಜಾರುವುದಿಲ್ಲ.

ಮೊದಲೇ ಸೀಳಿಟ್ಟಿದ್ದ ಒಳ್ಳೆಯ ಎಳೆಗಳಲ್ಲಿ ಮಾಲಿನಿ ಮೊದಲು ಬುಟ್ಟಿ ಹೆಣೆದಳು, ಆಮೇಲೆ ಸಣ್ಣ ಬುಟ್ಟಿ, ಆಮೇಲೆ ಮುಚ್ಚಳ. ಈಗ ಏನೂ ಇಲ್ಲ. ಬಿದಿರು ಸೀಳುವ ಕತ್ತಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿ ಇಟ್ಟಿದ್ದಾಳೆ.

ಮೊನ್ನೆ ಸಂಜೆ ದುರ್ಗಿ ಬಗ್ಗಿದ ಬೆನ್ನಿನಲ್ಲಿ ಕೊಡಪಾನ ಹೊತ್ತು ಬೇಲಿಗೆ ಬರುತ್ತಿದ್ದಳು. ಹಿಂಬಾಗಿಲಲ್ಲಿ ಕೂತ ಮಾಲಿನಿ ಕೇಳಿದಳು.

"ಅದು ಕಡಿಯೂಕೆ ಬರುವಷ್ಟರಲ್ಲಿ ನೀ ಇರುದಿಲ್ಲ ಅವ್ವಿ. ನಂಗೆ ಅಲ್ಲಿ ತನಕ ಬರೂಕೂ ಆಗುದಿಲ್ಲ. ಎಂತಕ್ಕೆ ನೀರು ಹೊರ್ತೆ?"

"ಸುಮ್ನೆ ಕೂತ್ರೆ ನಿನ್ನ ಖಾಲಿ ಕೈ ನೋಡ್ಬೇಕಾತದೆ" ಎಂದಳು ದುರ್ಗಿ.

ಮಾಲಿನಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ದುರ್ಗಿ ಸಸಿಯ ಬುಡಕ್ಕೆ ನೀರು ಸುರಿದು, ಮತ್ತೊಂದು ಕೊಡಕ್ಕೆಂದು ಬಾವಿಯ ಕಡೆ ಹೋದಳು.