ಹೊಲಿಗೆ ವಹಿಗೆ ಬಿದ್ದ ಕತ್ತರಿ

ಹೋದ ವಾರ ದಿಂಬಿನ ಚೀಲ ಹೊಲಿಸಲು ಬಟ್ಟೆ ಬೇಕಾಗಿ ಸಿದ್ಧೇಶ್ವರ ಗುಡಿಯ ಹತ್ತಿರದ ಅರಿವೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮಾಂಜರಪಾಟದ ಸುರುಳಿ ಬಿಚ್ಚಿ ಹಲಗೆಯ ಮೇಲೆ ಹಾಸಿದರು. ಇನ್ನೂ ನೀರು ಕಾಣದ ಹತ್ತಿಬಟ್ಟೆಯ ಆ ಗಂಜಿ ವಾಸನೆ ಮೂಗಿಗೆ ಬಡಿಯಿತು. ಅವರು ಕತ್ತರಿ ಕೈಗೆತ್ತಿಕೊಂಡಾಗ ಮುಖ ಆಚೆ ತಿರುಗಿಸಿದೆ. "ಅಳತಿ ತಪ್ಪಂಗಿಲ್ರಿ ಟೀಚರ, ಗಾಬರಿ ಆಗಬ್ಯಾಡ್ರಿ" ಎಂದು ನಕ್ಕರು. ಅವರಿಗೇನು ಗೊತ್ತು...

ಬಬಲೇಶ್ವರದಲ್ಲಿ ನಾನು ಕಲಿತ ಹೈಸ್ಕೂಲಿನ ಕೊನೆಯ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು. ಅದು ಹೊಲಿಗೆ ಕೋಣೆ. ಹೊಲಿಗೆ ಕಲಿಸುತ್ತಿದ್ದವರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ತೆಳ್ಳಗಿನ ಹೆಂಗಸು, ಸೆರಗಿನ ತುದಿಗೆ ಯಾವಾಗಲೂ ನೂಲು ಪೋಣಿಸಿದ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದರು. ಯಾರ ಗುಂಡಿ ಕಿತ್ತಿದ್ದರೂ ನಿಂತ ನಿಲುವಿನಲ್ಲೇ ಹಚ್ಚಿ, ಹಲ್ಲಿನಿಂದ ನೂಲು ಕಡಿದು, "ಹೋಗು ಬೇ" ಎನ್ನುತ್ತಿದ್ದರು.

ಅವರ ವಿಷಯವನ್ನು ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ. ಗಣಿತದ ಮಾಸ್ತರರು ಬಂದರೆ ನೆಟ್ಟಗೆ ಕೂರುತ್ತಿದ್ದೆವು, ಅಕ್ಕೋರು ಬಂದರೆ ಕಾಲು ಚಾಚುತ್ತಿದ್ದೆವು. ಹೊಲಿಗೆಯಲ್ಲಿ ಯಾರೂ ಫೇಲಾಗುತ್ತಿರಲಿಲ್ಲ, ಬೋರ್ಡಿನ ಪರೀಕ್ಷೆ ಇರಲಿಲ್ಲ, ಮನೆಯಲ್ಲಿ ಯಾರೂ ಅದರ ಗ್ರೇಡ್ ಕೇಳುತ್ತಿರಲಿಲ್ಲ. ನಮ್ಮ ಶ್ರಮವೆಲ್ಲ ಹೆದರಿಸುವವರಿಗೆ ಸಲ್ಲುತ್ತಿತ್ತು, ಹೆದರಿಸದವರಿಗೆ ಏನೂ ಉಳಿಯುತ್ತಿರಲಿಲ್ಲ. ನಾನಂತೂ ಗಣಿತದಲ್ಲಿ ಮೊದಲಿನವಳು. ಆ ಜಂಬಕ್ಕೆ ಹೊಲಿಗೆಯ ಪಿರಿಯಡ್ಡಿನಲ್ಲಿ ತೊಡೆಯ ಮೇಲೆ ಗಣಿತದ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದೆ.

ವರ್ಷದ ಕೊನೆಗೆ ಒಂದು ವಹಿ, ಅಂದರೆ ಹೊಲಿಗೆಯ ನೋಟ್‌ಬುಕ್ಕು, ಒಪ್ಪಿಸಬೇಕಾಗಿತ್ತು. ಗುಂಡಿ ಹಾಕುವ ಕಾಜಾ, ತೇಪೆ, ಅಂಚು ಮಡಚಿದ್ದು, ಹೀಗೆ ಕಲಿತ ಒಂದೊಂದು ಹೊಲಿಗೆಯನ್ನೂ ಅಂಗೈ ಅಗಲದ ಮಾಂಜರಪಾಟದ ತುಂಡಿನ ಮೇಲೆ ಹಾಕಿ ಹಾಳೆಗೆ ಅಂಟಿಸುವುದು. ಆದರೆ ಹೊಸದಾಗಿ ಹೊಲಿಯುವ ಹುಚ್ಚು ಯಾರಿಗಿತ್ತು? ಅಕ್ಕಂದಿರ ವಹಿ ತಂಗಿಯರಿಗೆ, ತಂಗಿಯರದು ಪಕ್ಕದ ಮನೆಯವರಿಗೆ. ರಟ್ಟು ಬದಲಿಸಿ ಹೆಸರಿನ ಚೀಟಿ ಹಚ್ಚಿದರೆ ಆಯಿತು. ಜೈನಾಪುರದಿಂದ ಬರುತ್ತಿದ್ದ ಗೆಳತಿಯೊಬ್ಬಳ ವಹಿ ಅವಳ ಚಿಕ್ಕಮ್ಮನ ಕಾಲದ್ದು! ಅದನ್ನು ಹೆಮ್ಮೆಯಿಂದ ಹೇಳಿಕೊಂಡು ನಗುತ್ತಿದ್ದಳು.

ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ಅಕ್ಕೋರು ಇದಕ್ಕೊಂದು ಉಪಾಯ ಮಾಡಿದರು. ಗ್ರೇಡ್ ಕೊಟ್ಟ ಮೇಲೆ ಪ್ರತಿ ತುಂಡಿನ ನಡುವೆ ಕತ್ತರಿ ಹಾಕಿಬಿಡುವುದು, ಮರುವರ್ಷ ಅದು ಇನ್ನೊಬ್ಬರ ಕೈಗೆ ಹೋಗಬಾರದು. ಜೂನಿನಲ್ಲೇ ಇದನ್ನು ತರಗತಿಗೆಲ್ಲ ಹೇಳಿದ್ದರಂತೆ. ನಾನು ಕೇಳಿಸಿಕೊಂಡಿರಲಿಲ್ಲ. ತೊಡೆಯ ಮೇಲೆ ಗಣಿತವಿತ್ತಲ್ಲ.

ಅದೇ ವರ್ಷ ದೀಪಾವಳಿಗೆ ಮುಂಚೆ ನನ್ನ ಅಕ್ಕ ಕಾಮಾಲೆಯಾಗಿ ತೀರಿಕೊಂಡಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ಅದೇ ಅಕ್ಕೋರ ಶಿಷ್ಯೆ. ಸ್ವಂತ ಕೈಯಿಂದ ವಹಿ ಮಾಡಿದ ಕೆಲವೇ ಹುಡುಗಿಯರಲ್ಲಿ ಅವಳೊಬ್ಬಳು. ಅವಳ ಕಾಜಾಗಳನ್ನು ನೋಡಿದರೆ ಮಶೀನು ನಾಚಬೇಕು. ಅವಳು ಹೋದ ಮೇಲೆ ಅವ್ವ ಆ ವಹಿಯನ್ನು ಟ್ರಂಕಿನಲ್ಲಿ ತನ್ನ ಮದುವೆ ಸೀರೆಯ ಕೆಳಗೆ ಇಟ್ಟಿದ್ದಳು. ಮಧ್ಯಾಹ್ನ ಯಾರೂ ಇಲ್ಲದಾಗ ತೆಗೆದು, ಹೊಲಿಗೆಯ ಮೇಲೆ ಬೆರಳು ಆಡಿಸುತ್ತಾ ಕೂತಿರುವುದನ್ನು ನಾನು ಕಂಡಿದ್ದೆ. ಕಂಡೂ... ವಹಿ ಒಪ್ಪಿಸುವ ದಿನ ಅದನ್ನೇ ಕದ್ದು, ನನ್ನ ಹೆಸರಿನ ಚೀಟಿ ಹಚ್ಚಿ ತೆಗೆದುಕೊಂಡು ಹೋದೆ. ಸಂಜೆಗೆ ಮರಳಿ ಇಟ್ಟರಾಯಿತು, ಹೊಲಿಗೆಯದ್ದೇನು ಮಹಾ ಎಂದುಕೊಂಡೆ.

ಸಾಲಿನಲ್ಲಿ ನಿಂತಾಗಲೂ ಗಣಿತದ ಪುಸ್ತಕವನ್ನೇ ಓದುತ್ತಿದ್ದೆ. ಮೇಜಿನ ಹತ್ತಿರ ಬಂದ ಮೇಲೆಯೇ ಕತ್ತರಿ ಕಂಡದ್ದು. ನನ್ನ ಮುಂದಿನವಳ ವಹಿಯ ತುಂಡುಗಳೆಲ್ಲ ನಡುವೆ ಸೀಳಿದ್ದವು. ಏನು ನಡೆಯುತ್ತಿದೆ ಎಂದು ತಿಳಿಯುವಷ್ಟರಲ್ಲಿ ನನ್ನ ವಹಿ ಅಕ್ಕೋರ ಕೈಯಲ್ಲಿತ್ತು. ಕಾಜಾದ ಹಾಳೆಗೆ ಬಂದು ಅವರು ನಿಂತರು.

"ನಿಮ್ಮಕ್ಕನ ಕೈ ಇದ್ದಂಗ ಐತೆಲ್ಲ ಬೇ. ನೀನ ಹೊಲಿದಿ?"

ಹಿಂದೆ ಇಡೀ ತರಗತಿ. ಇಲ್ಲ ಎಂದರೆ ಗಣಿತದ ಮೊದಲಿನವಳು ಕದ್ದು ಸಿಕ್ಕಿಬೀಳುತ್ತಾಳೆ.

"ಹೌದ್ರಿ. ಅಕ್ಕನ ಕಲಿಸ್ಯಾಳ್ರಿ."

ಅಕ್ಕೋರ ಕಣ್ಣು ತುಂಬಿದವು. "ಖರೇನ?" ಎಂದು ಇನ್ನೊಮ್ಮೆ ಕೇಳಿದರು. "ಖರೇರಿ" ಎಂದೆ. ತರಗತಿಯಲ್ಲೇ ದೊಡ್ಡ ಗ್ರೇಡ್ ಬರೆದರು. ಆಮೇಲೆ ಕತ್ತರಿ... ಹನ್ನೆರಡು ತುಂಡುಗಳು. ಪ್ರತಿಯೊಂದರ ಸದ್ದೂ ಕೇಳಿಸಿತು. ಬಾಯಿ ತೆರೆಯಲು ಹನ್ನೆರಡು ಸಲ ಅವಕಾಶವಿತ್ತು, ನಾನು ತುಟಿ ಪಿಟಕ್ಕೆನ್ನಲಿಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ತೆರೆದ ಟ್ರಂಕಿನ ಮುಂದೆ ಕೂತಿದ್ದಳು. ನನ್ನ ಚೀಲದಿಂದ ವಹಿ ತೆಗೆದು, ಸೀಳಿದ ತುಂಡುಗಳನ್ನು ಒಂದೊಂದಾಗಿ ಕೂಡಿಸಿ ನೋಡಿದಳು. ಅವಳು ಕೂಗಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. "ಬರೇ ತೋರಸಾಕ ಒಯ್ದಿದ್ದೆ, ಅಕ್ಕೋರು ಕೇಳಲಾರದ ಕತ್ತರಿಸಿದ್ರು" ಎಂದುಬಿಟ್ಟೆ.

ಮರುದಿನ ಅವ್ವ ಶಾಲೆಗೆ ಬಂದಳು. ಪಡಸಾಲೆಯಲ್ಲಿ, ಹುಡುಗಿಯರೆಲ್ಲ ನೋಡುತ್ತಿದ್ದಂತೆ, "ಸತ್ತ ಮಗಳ ಕೈಗೆ ಕತ್ರಿ ಹಾಕಿದ್ರೆಲ್ರಿ ಯವ್ವಾ! ನಿಮ್ಮ ಹೊಟ್ಟ್ಯಾಗ ಮಕ್ಕಳು ಹುಟ್ಟಿಲ್ಲೇನ್ರಿ?" ಎಂದು ಎದೆ ಬಡಿದುಕೊಂಡಳು. ಅಕ್ಕೋರಿಗೆ ಮಕ್ಕಳಿರಲಿಲ್ಲ. ಅದು ಊರಿಗೆಲ್ಲ ಗೊತ್ತಿದ್ದ ಮಾತು. ಅವರು ಒಮ್ಮೆ ನನ್ನ ಕಡೆ ನೋಡಿದರು, ಒಂದೇ ಸಲ. ನಾನು ನೆಲ ನೋಡಿದೆ. "ತಪ್ಪಾತ್ರಿ ಅವ್ವಾರ... ನನ್ನ ತಪ್ಪ" ಎಂದು ಕೈ ಮುಗಿದರು.

ಅವತ್ತಿನಿಂದ ಅವರು ಯಾರ ವಹಿಗೂ ಕತ್ತರಿ ಹಾಕಲಿಲ್ಲ. ಹಳೆಯ ವಹಿಗಳು ಮತ್ತೆ ಮನೆಯಿಂದ ಮನೆಗೆ ಓಡಾಡಿದವು. ಅವರು ನನ್ನನ್ನು ಗದರಲಿಲ್ಲ, ಗ್ರೇಡನ್ನೂ ಅಳಿಸಲಿಲ್ಲ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು. ಮುಂದಿನ ವರ್ಷ ಟಿಕೋಟಾ ಕಡೆಗೆ ವರ್ಗವಾಗಿ ಹೋದರು.

ಈಗ ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪರೀಕ್ಷೆ ಹತ್ತಿರ ಬಂದರೆ ಚಿತ್ರಕಲೆಯವರ ಪಿರಿಯಡ್ಡು ಕೇಳಿ ಪಡೆಯುತ್ತೇನೆ. ಅವರು ಮುಖ ಸಣ್ಣದು ಮಾಡಿಕೊಂಡು ಕೊಡುತ್ತಾರೆ, ಆಗೆಲ್ಲ ನನಗೆ ಆ ಪಡಸಾಲೆ ಕಾಣುತ್ತದೆ. ಆದರೂ ಪಡೆಯುತ್ತೇನೆ. ಎಷ್ಟೋ ಸಲ ಟಿಕೋಟಾ ಬಸ್ಸು ಹತ್ತಬೇಕೆಂದು ಹೊರಟು, ನಾಳೆ ಹೋದರಾಯಿತು ಎಂದು ತಿರುಗಿ ಬಂದಿದ್ದೇನೆ. ಹೋದ ವರ್ಷ ಟಿಕೋಟಾ ಹತ್ತಿರದ ಘೋಣಸಗಿಯ ಸಹೋದ್ಯೋಗಿಯೊಬ್ಬರು ಮಾತಿನ ನಡುವೆ, ಅಕ್ಕೋರು ತೀರಿಕೊಂಡು ಆರು ತಿಂಗಳಾಯಿತು ಎಂದರು.

ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಅಂಗಡಿಯಿಂದ ಬಂದ ದಿನ ತಡೆಯಲಾಗದೆ ಅಂದು ನಾನು ಮಾಡಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು. ಎಲ್ಲಾರ ವಹಿಗೂ ಕತ್ರಿ ಹಾಕ್ಯಾರಂತ ಓಣಿ ಹುಡುಗ್ಯಾರು ಆವತ್ತ ಸಂಜೀಕ ಹೇಳಿದ್ರು. ವಹಿ ಮ್ಯಾಲ ನಿನ್ನ ಹೆಸರಿನ ಚೀಟಿ ನಾನೂ ನೋಡಿದ್ದೆ."

"ಮತ್ತ ಅವರಿಗ್ಯಾಕ ಬೈದಿ ಅವ್ವಾ?"

ಅವ್ವನ ಕೈ ಆಗ ನಿಂತಿತು.

"ಯಾರಿಗರೆ ಬೈಬೇಕಾಗಿತ್ತು. ನಿನಗ ಬೈಯಾಕ ಧೈರ್ಯ ಸಾಲಲಿಲ್ಲ... ಉಳಿದಾಕಿ ನೀ ಒಬ್ಬಾಕಿನ ಇದ್ದೆಲ್ಲ." ಕಾಯಿಯ ಬುಟ್ಟಿ ಬದಿಗೆ ಸರಿಸಿದಳು. "ಟಿಕೋಟಾಕ ಹೋಗಿ ಆಕಿ ಕಾಲ ಹಿಡಿಬೇಕು ಮಗಳ. ನಾಳೆ ಕರ್ಕೊಂಡು ನಡಿ."

ಅಕ್ಕೋರು ತೀರಿಕೊಂಡ ಸುದ್ದಿಯನ್ನು ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ.