ಕಾಣೆಯಾದ ದೊಡ್ಡಪ್ಪ ಮತ್ತು ಜಿಲ್ಲಾ ಕೇಂದ್ರ

ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸತು. ಮರೆವು ಹೆಚ್ಚಾಗಿದ್ದ ನಮ್ಮ ದೊಡ್ಡಪ್ಪ ಶಿಡ್ಲಘಟ್ಟದ ಮನೆಯಿಂದ ಹೊರಟವರು ಕಾಣೆಯಾದರು. ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಇಳಿದದ್ದನ್ನು ಕಂಡಕ್ಟರ್ ನೋಡಿದ್ದ. ಆಮೇಲಿನದು ಯಾರಿಗೂ ಗೊತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು, ಆಸ್ಪತ್ರೆಗಳನ್ನು ಸುತ್ತಿದೆವು. ನಮ್ಮ ಕಡೆಯವರೇ ಸೇರುತ್ತಿದ್ದ ಅಂತರ್ಜಾಲದ ಫೋರಂ ಒಂದಿತ್ತು. ಬೆಳಿಗ್ಗೆ ಅದರಲ್ಲಿ ಅವರ ಫೋಟೊ ಹಾಕಿ ಬರೆದೆ: ಬಿಳಿ ಪಂಚೆ, ನೀಲಿ ಸ್ವೆಟರ್, ಕೇಳಿದರೆ ಹೆಸರು ಹೇಳಲಾರರು, ಕಂಡವರು ಫೋನ್ ಮಾಡಿ.

ಮಾರನೆಯ ಮಧ್ಯಾಹ್ನ ಸೈಬರ್ ಸೆಂಟರಿಗೆ ದೊಡ್ಡಪ್ಪನ ಮಗಳೂ ಬಂದಳು. ಎರಡು ಪುಟ ತುಂಬ ಉತ್ತರಗಳಿದ್ದವು. ಅಕ್ಕನ ಮುಖ ಅರಳಿತು.

“ಓದಪ್ಪ, ಎಲ್ಲವ್ರಂತೆ?”

ಓದಿದೆ. ಮೊದಲನೆಯವರು ದೇವರ ಮೇಲೆ ಭಾರ ಹಾಕಿದ್ದರು. ಎರಡನೆಯವರು, ಚಿಂತಾಮಣಿ ನಿಲ್ದಾಣದಲ್ಲಿ ವಯಸ್ಸಾದವರನ್ನು ವಿಚಾರಿಸುವವರೇ ಇಲ್ಲ ಎಂದಿದ್ದರು. ಮೂರನೆಯವರಿಗೆ ಅದರ ಕಾರಣವೂ ಹೊಳೆದಿತ್ತು: ಜಿಲ್ಲಾ ಕೇಂದ್ರ ಚಿಂತಾಮಣಿಗೆ ಸಿಗಬೇಕಿತ್ತು, ಚಿಕ್ಕಬಳ್ಳಾಪುರ ಕಿತ್ತುಕೊಂಡಿತು. ಅಲ್ಲಿಂದ ಮುಂದೆ ದೊಡ್ಡಪ್ಪನ ಸುದ್ದಿಯೇ ಇಲ್ಲ. ಚಿಕ್ಕಬಳ್ಳಾಪುರದವರು ತಮ್ಮ ಹೆದ್ದಾರಿ ತೋರಿಸಿದರು, ಚಿಂತಾಮಣಿಯವರು ತಮ್ಮ ವ್ಯಾಪಾರ ತೋರಿಸಿದರು. ನಮ್ಮೂರಿಗೆ ರೈಲು ಬಂದಾಗ ನೀವಿಬ್ಬರೂ ಎತ್ತಿನಗಾಡಿಯಲ್ಲಿದ್ದಿರಿ ಎಂದು ಗೌರಿಬಿದನೂರಿನವನೊಬ್ಬ ಛೇಡಿಸಿದ್ದ. ವಿಷಯ ಬಿಟ್ಟು ಹೋಗಬೇಡಿ ಎಂದ ಫೋರಂ ನಡೆಸುವವರನ್ನು, ಮೊದಲು ನೀವು ಯಾವ ತಾಲ್ಲೂಕು ಹೇಳಿ ಎಂದು ಹಿಡಿದುಕೊಂಡಿದ್ದರು.

“ನಮ್ಮಪ್ಪ ಎಲ್ಲಿ ಅಂದ್ರೆ ಜಿಲ್ಲೆ ಪುರಾಣ ಹೇಳ್ತಾರಲ್ಲೋ! ಉಂಡಿದ್ದು ಅರಗಿಲ್ಲ ಕಣೋ ಇವ್ರಿಗೆ. ಏಳು, ಹೋಗಣ.”

ನಾನು ಏಳದೆ ಕೊನೆಯವರೆಗೆ ಓದಿದೆ. ಎರಡನೆಯ ಪುಟದ ನಡುವೆ, ಹಿಂದಿನ ಸಂಜೆ ಒಬ್ಬ ಹೆಂಗಸು ಬರೆದಿದ್ದಳು: ‘ಇವತ್ತು ಮುರುಗಮಲ್ಲದ ದರ್ಗಾ ಹತ್ರ ನೀಲಿ ಸ್ವೆಟರ್ ಅಜ್ಜ ಒಬ್ರು ಕೂತಿದ್ರು. ಇವ್ರೇನಾ?’ ಅದರ ಕೆಳಗೇ ಉತ್ತರ: ‘ಮುರುಗಮಲ್ಲ ಯಾವ ತಾಲ್ಲೂಕು ಸ್ವಾಮಿ? ಚಿಂತಾಮಣಿ! ಇಂಥ ಕ್ಷೇತ್ರ ಇರೋ ನಮಗೇ ಅನ್ಯಾಯ.’ ಅದಕ್ಕೆ ಮೂವರ ಶಭಾಷ್‌ಗಿರಿ. ಆ ಹೆಂಗಸನ್ನು ಮರಳಿ ಒಂದು ಮಾತು ಕೇಳಿದವರಿಲ್ಲ.

ದೊಡ್ಡಪ್ಪ ಅಲ್ಲಿಯೇ ಸಿಕ್ಕಿದರು, ಹೂವಿನ ಅಂಗಡಿಯ ಪಕ್ಕದ ಕಲ್ಲಿನ ಮೇಲೆ. ಕಾಲು ಊದಿತ್ತು. ಮೈ ಸುಡುತ್ತಿತ್ತು.

ಅಂಗಡಿಯಾಕೆ ಅಕ್ಕನಿಗೆ ಹೇಳಿದಳು: “ತಲೆ ಸರಿಯಿಲ್ದೋರ್ನ ಇಲ್ಲಿಗೆ ಕರ್ಕೊಂಬರೋದು ಇದ್ದಿದ್ದೇ ಅಲ್ವೇನಮ್ಮ? ಇವರ ಕಡೆಯೋರೂ ಒಳಗವ್ರೆ ಅನ್ಕೊಂಡ್ವಿ. ಟೀ ಬನ್ನು ಕೊಟ್ಟೆ, ತಿಂದ್ರು.”

ದೊಡ್ಡಪ್ಪ ಮಗಳನ್ನೇ ದಿಟ್ಟಿಸಿ, “ಬಸ್ಸು ಬಂತೇನಮ್ಮ?” ಎಂದರು.

“ಬಂತು, ಏಳಪ್ಪ,” ಎಂದಳು ಅಕ್ಕ.

ಆ ಜಗಳ ನಡೆದದ್ದರಿಂದಲೇ ನಿನ್ನ ಬರಹ ಫೋರಮ್ಮಿನ ಮೇಲ್ಗಡೆ ಉಳಿಯಿತು, ಆಕೆಯ ಕಣ್ಣಿಗೂ ಬಿತ್ತು ಎಂದು ಗೆಳೆಯನೊಬ್ಬ ವಾದಿಸಿದ. ಇರಬಹುದು. ಆದರೆ ಆಕೆ ಬರೆದದ್ದನ್ನು ಅವರು ಓದಿದ್ದರು. ಓದದೆ ಹಾಗೆ ಉತ್ತರಿಸಲಾಗದು. ನನ್ನ ಫೋನ್ ನಂಬರು ಮೇಲೆಯೇ ಇತ್ತು. ಚಿಂತಾಮಣಿಯ ಹಿರಿಮೆ ಸಾರಿದವರಿಗೆ ಮುರುಗಮಲ್ಲ ದೂರವೂ ಅಲ್ಲ. ಅವರು ತಾಲ್ಲೂಕು ಗೆದ್ದುಕೊಂಡರು. ದೊಡ್ಡಪ್ಪ ಜ್ವರದಲ್ಲಿ ಇನ್ನೂ ಒಂದು ರಾತ್ರಿ ಆ ಕಲ್ಲಿನ ಮೇಲೆ ಮಲಗಿದರು.